ಆಳಸಮುದ್ರದ ಜೀವಿಗಳು ‘ಎಲ್ಲೆಡೆ ಇವೆ’ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ಸಾಗರತಳದ ಲೋಹಗಡ್ಡೆಗಳ ಗಣಿಗಾರಿಕೆಯ ಚರ್ಚೆಯಲ್ಲಿ ಒಂದು ವಾದ ಆಗಾಗ ಕೇಳಿಬರುತ್ತದೆ. ಅಲ್ಲಿನ ಕಠಿಣಚರ್ಮಿಗಳು, ಅಂದರೆ ಏಡಿ, ಸಿಗಡಿಗಳ ಬಳಗದವು, ಹೇಗೂ ಎಲ್ಲ ಸಾಗರಗಳಲ್ಲೂ ಹರಡಿರುವುದರಿಂದ ಒಂದೆಡೆ ಅಳಿದರೂ ಮತ್ತೊಂದೆಡೆ ಉಳಿಯುತ್ತವೆ ಎಂಬುದು ಆ ವಾದ. ಕೆಲವು ಪ್ರಭೇದಗಳ ಮಟ್ಟಿಗೆ ಇದು ನಿಜ, ಇನ್ನು ಕೆಲವುಗಳ ಮಟ್ಟಿಗೆ ಪೂರ್ತಿ ತಪ್ಪು. ಯಾವುದು ಎತ್ತ ಎಂಬುದನ್ನು ಹೊರರೂಪ ನೋಡಿ ನಿರ್ಧರಿಸಲಾಗದು.

ನಿಜವಾಗುವ ಪಕ್ಷಕ್ಕೆ ಅಲಿಸೆಲ್ಲಾ ಜೈಗಾಂಟಿಯಾ ಒಳ್ಳೆಯ ಸಾಕ್ಷಿ. ಇದು ಸೇರಿರುವ, ಸಿಗಡಿಯನ್ನು ಹೋಲುವ ಆಂಫಿಪಾಡ್ ಎಂಬ ಕಠಿಣಚರ್ಮಿ ಗುಂಪಿನ ಹೆಚ್ಚಿನ ಜೀವಿಗಳು ಬೆರಳಿನ ಗೆಣ್ಣಿಗಿಂತ ಚಿಕ್ಕವು. ಇದಾದರೋ 34 ಸೆಂಟಿಮೀಟರ್ ವರೆಗೆ ಬೆಳೆಯುತ್ತದೆ. 1899ರಲ್ಲೇ ಹೆಸರು ಪಡೆದಿದ್ದರೂ ಬಲೆಗೆ ಸಿಕ್ಕಿದ್ದು ವಿರಳವಾದ್ದರಿಂದ ಅಪರೂಪದ ಪ್ರಾಣಿಯೆಂದೇ ಎಣಿಸಲಾಗಿತ್ತು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಪೆಸಿಫಿಕ್, ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳ 75 ತಾಣಗಳಿಂದ ಬಂದ 195 ದಾಖಲೆಗಳನ್ನು ಒಟ್ಟುಗೂಡಿಸಿ, ಲಭ್ಯವಿದ್ದ ಡಿಎನ್‌ಎಯನ್ನು ಹೋಲಿಸಿ, ಇದು ಒಂದೇ ಪ್ರಭೇದವಾಗಿದ್ದು ಸಾಗರಗಳ ಸುಮಾರು 59 ಶೇಕಡಾ ಭಾಗದಲ್ಲಿ ಬದುಕಿರಬಹುದೆಂದು ತೋರಿಸಿತು.

ಇದೇ ಗುಂಪಿನ ಯೂರಿಥೀನಿಸ್ ಗ್ರಿಲ್ಲಸ್‌ನ ಕಥೆ ನೇರ ವಿರುದ್ಧ. 1822ರಲ್ಲಿ ವರ್ಣಿತವಾದ ಈ ಕೆಂಪು ಜೀವಿಯನ್ನು ಉತ್ತರ ಧ್ರುವದಿಂದ ದಕ್ಷಿಣ ಧ್ರುವದವರೆಗೆ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. ಮೀನಿನ ತುಂಡು ಕಟ್ಟಿದ ಬೋನನ್ನು ಕೆಳಗಿಳಿಸಿದರೆ ವಾಸನೆ ಹಿಡಿದು ಮುತ್ತಿಕೊಳ್ಳುವ ಇವು, ಬೇರೆ ಬೇರೆ ಸಾಗರಗಳಿಂದ ತಂದು ಅಕ್ಕಪಕ್ಕ ಇಟ್ಟರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಆದರೆ 2013ರ ಆನುವಂಶಿಕ ಅಧ್ಯಯನ ಆ ಒಂದು ಹೆಸರಿನಡಿ ಪ್ರಭೇದದ ಮಟ್ಟದಲ್ಲೇ ಬೇರೆಯಾದ ಒಂಬತ್ತು ವಂಶಗಳನ್ನು ಗುರುತಿಸಿತು. ಐಸೋಪಾಡ್ ಎಂಬ ಮತ್ತೊಂದು ಕಠಿಣಚರ್ಮಿ ಗುಂಪಿಗೆ ಸೇರಿದ, 2022ರಲ್ಲಿ ಹೆಸರು ಪಡೆದ ದೈತ್ಯ ಜೀವಿ ಬಾಥಿನೋಮಸ್ ಯುಕಾಟಾನೆನ್ಸಿಸ್ ಕೂಡ ಮೆಕ್ಸಿಕೋ ಕೊಲ್ಲಿಯ ಚಿರಪರಿಚಿತ ಬಾಥಿನೋಮಸ್ ಜೈಗಾಂಟಿಯಸ್ ಎಂದೇ ಎಣಿಕೆಯಾಗಿತ್ತು. ಎರಡರ ಬಾಲದಂಚಿನ ಮುಳ್ಳುಗಳ ಸಂಖ್ಯೆ ಒಂದೇ, ಹೊಸದರ ಮೈ ಮಾತ್ರ ತುಸು ತೆಳು.

ಇದರ ಹಿಂದೆ ಜೀವನಕ್ರಮದ ಕಾರಣವೂ ಇದೆ. ಆಂಫಿಪಾಡ್, ಐಸೋಪಾಡ್‌ಗಳ ತಾಯಂದಿರು ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲಿ ಹೊತ್ತು, ದೊಡ್ಡವರದೇ ರೂಪದ ಮರಿಗಳನ್ನು ಹೊರಬಿಡುತ್ತವೆ. ಅನೇಕ ಏಡಿ, ಸಿಗಡಿಗಳಂತೆ ಪ್ರವಾಹದಲ್ಲಿ ತೇಲಿ ದೂರ ಸಾಗುವ ಲಾರ್ವಾ ಹಂತ ಇವಕ್ಕಿಲ್ಲ. ವಿಶಾಲವಾದ ತಳದ ಬಯಲಿನಲ್ಲಿ ಈಜಬಲ್ಲ, ಹಸಿವು ತಡೆಯಬಲ್ಲ ದೊಡ್ಡ ಜೀವಿ ಹೇಗೋ ಹರಡೀತು. 6,000 ಮೀಟರ್‌ಗಿಂತ ಆಳದ ಕಂದಕಗಳದು ಬೇರೆಯೇ ಲೆಕ್ಕ, ಅವು ನೀರೊಳಗಿನ ದ್ವೀಪಗಳಿದ್ದಂತೆ. ಮರಿಯಾನಾ ಕಂದಕದಲ್ಲಿ ಗುಂಪುಗುಂಪಾಗಿರುವ ಹಿರೊಂಡೆಲ್ಲಿಯಾ ಗೀಗಾಸ್ ಎಂಬ ಆಂಫಿಪಾಡ್ ವಾಯವ್ಯ ಪೆಸಿಫಿಕ್‌ನ ಕಂದಕಗಳಿಗೆ ಸೀಮಿತ. ದಕ್ಷಿಣದ ಕೆರ್ಮಾಡೆಕ್ ಕಂದಕದಲ್ಲಿರುವುದು ಹಿರೊಂಡೆಲ್ಲಿಯಾ ಡ್ಯೂಬಿಯಾ.

ಆದ್ದರಿಂದ ಪರಿಸರ ಪರಿಣಾಮದ ವರದಿಗಳಲ್ಲಿ ‘ವ್ಯಾಪಕವಾಗಿ ಹರಡಿದೆ’ ಎಂದು ಬರೆದಾಗಲೆಲ್ಲ, ಆ ಗುರುತು ರೂಪದಿಂದ ಆದದ್ದೋ ಡಿಎನ್‌ಎಯಿಂದ ಆದದ್ದೋ, ಎಷ್ಟು ತಾಣಗಳ ಮಾದರಿ ನೋಡಲಾಗಿದೆ ಎಂಬುದನ್ನು ಪ್ರತಿ ಪ್ರಭೇದದ ಮುಂದೆಯೇ ನಮೂದಿಸುವುದು ಕಡ್ಡಾಯವಾಗಬೇಕು. ಡಿಎನ್‌ಎ ಹೋಲಿಕೆ ನಡೆಯದ ಪ್ರಭೇದವನ್ನು, ಹೆಸರು ಎಷ್ಟು ಹಳೆಯದಾದರೂ, ಆ ತಾಣಕ್ಕೇ ಸೀಮಿತವಾದದ್ದೆಂದು ಭಾವಿಸಿಯೇ ಅನುಮತಿಯ ವಿಚಾರ ನಡೆಯಬೇಕು.

ತಮ್ಮ ವಿಶ್ವಾಸಿ,
ಓರ್ವ ಓದುಗ