ತಿಂಗಳನ್ನು ಅಕ್ಷರದಲ್ಲಿ ತೋರಿಸಿ

ಸಂಪಾದಕರಿಗೆ ನಮಸ್ಕಾರ.

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಹಾಲಿನ ಅಳತೆ, ಫ್ಯಾಟ್, ಬಟವಾಡೆ, ಹಸುಗಳ ಗಬ್ಬದ ಲೆಕ್ಕ ಎಲ್ಲವೂ ಈಗ ಕಂಪ್ಯೂಟರಿನಲ್ಲೇ. ಆ ಕಂಪ್ಯೂಟರ್ ತಾರೀಕು ತೋರಿಸುವ ರೀತಿಯ ಬಗ್ಗೆ ಈ ಪತ್ರ. ಓದುವವರಿಗೆ ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಬೀದಿಯ ಒಂದು ಮನೆಗೆ ಇದರಿಂದ ಮೂರು ತಿಂಗಳ ಹಾಲು ಕೈಬಿಟ್ಟು ಹೋಯಿತು.

2023ರ ದೀಪಾವಳಿ ಕಳೆದ ಮೇಲೆ ಡೇರಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲಿದ್ದ ಲೆಕ್ಕವನ್ನೆಲ್ಲ ಹೊಸದಕ್ಕೆ ಹಾಕಿಕೊಟ್ಟರು. ಡಿಸೆಂಬರ್ ಎರಡನೇ ವಾರ ಸಂಜೆ ಹಾಲು ಹಾಕಲು ಬಂದ ವಯಸ್ಸಾದ ಅಕ್ಕ ಒಬ್ಬರು ಕ್ಯಾನು ಕೆಳಗಿಟ್ಟು ಕೇಳಿದರು: "ನಮ್ಮ ಕರಿ ಹಸೀಗೆ ಎರಡು ಸಲ ಇಂಜೆಕ್ಷನ್ ಹಾಕ್ಸಿದ್ವಲ್ಲ, ನಿಂತಿದ್ದು ಯಾವುದು ನೋಡವ್ವ." ಗಬ್ಬ ಕಟ್ಟಿಸುವ ಇಂಜೆಕ್ಷನ್ ಅದು. ಮೇ ತಿಂಗಳಲ್ಲಿ ಒಂದು ಸಲ, ಅಧಿಕ ಶ್ರಾವಣದಲ್ಲಿ ಇನ್ನೊಂದು ಸಲ ಹಾಕಿಸಿದ್ದರು. ಡಾಕ್ಟರ್ ಗಬ್ಬ ನೋಡಿ ಹೇಳಿದ ದಿನ ಆಕೆ ಮಗಳ ಬಾಣಂತನಕ್ಕೆ ಹೋಗಿದ್ದರು. ಹಾಗಾಗಿ ಅವರಿಗೆ ಗೊತ್ತಿರಲಿಲ್ಲ.

ಪಟ್ಟಿ ತೆಗೆದೆ. 'ಗಬ್ಬ ನಿಂತ ದಿನ' ಅನ್ನುವ ಕಾಲಂನಲ್ಲಿ 8/5/2023 ಅಂತಿತ್ತು. ಎಂಟನೇ ತಾರೀಕು, ಮೇ ತಿಂಗಳು. ಬೆರಳಲ್ಲಿ ಎಣಿಸಿದೆ. ಹಸುವಿಗೆ ಸುಮಾರು 280 ದಿನ. ಫೆಬ್ರವರಿ ನಡುವಿಗೆ ಕರು. ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಬೇಕು ಅಲ್ವಾ? "ಇವತ್ತಿಂದಲೇ ಬತ್ತಿಸಿ ಅಕ್ಕ" ಅಂದುಬಿಟ್ಟೆ. ದಿನಕ್ಕೆ ಆರು ಲೀಟರ್ ಇನ್ನೂ ಕೊಡುತ್ತಿದ್ದ ಹಸು. ಕಷ್ಟಪಟ್ಟು ಬತ್ತಿಸಿದರು.

ಫೆಬ್ರವರಿ ಮುಗಿಯಿತು. ಕೆಚ್ಚಲು ಇಳಿಯಲಿಲ್ಲ. ಡಾಕ್ಟರ್ ಬಂದು ಕೈ ಹಾಕಿ ನೋಡಿ, "ಇನ್ನೂ ಆರು ತಿಂಗಳು ಮುಗಿದು ಏಳು ನಡೀತಿದೆ" ಅಂದರು. ನಾನು ಓಡಿಹೋಗಿ ಬೀರುವಿನಿಂದ ಹಳೆಯ ರಿಜಿಸ್ಟರ್ ತೆಗೆದೆ. ನೀಲಿ ಇಂಕಿನಲ್ಲಿ ನನ್ನದೇ ಕೈಬರಹ: 5-8-23. ಆಗಸ್ಟ್ ಐದು. ಕರು ಹುಟ್ಟಿದ್ದು ಮೇ ತಿಂಗಳಲ್ಲಿ. "ನೀನೇ ನೋಡಿ ಹೇಳಿದ್ದಲ್ವೇನವ್ವ" ಅಂತ ಆ ಅಕ್ಕ ಒಂದೇ ಒಂದು ಸಲ ಕೇಳಿದರು. ಅದು ನನ್ನ ಮನಸ್ಸಿನಿಂದ ಹೋಗಿಲ್ಲ. 500 ಲೀಟರಿಗೂ ಜಾಸ್ತಿ ಹಾಲು. ಅವರ ಮನೆಗೆ ಆ ಹಸು ಬಿಟ್ಟರೆ ಬೇರೆ ಬಟವಾಡೆ ಇಲ್ಲ.

ಆಗಿದ್ದೇನು ಅಂತ ಡಿಪ್ಲೊಮಾ ಓದುತ್ತಿರುವ ನನ್ನ ಮಗ ಕೂತು ಹುಡುಕಿದ. ಹೊಸ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದು. ಅಲ್ಲಿನವರು ತಿಂಗಳನ್ನು ಮೊದಲು ಬರೆಯುತ್ತಾರೆ. ನಮ್ಮ ಸಾಫ್ಟ್‌ವೇರ್ ಆ ಸೆಟ್ಟಿಂಗ್ ನೋಡಿಕೊಂಡು ತಾರೀಕನ್ನು ತಿರುವಿ ತೋರಿಸಿತ್ತು. ತಾರೀಕು 20 ಆಗಿದ್ದರೆ 8/20 ಅಂತ ಕಂಡು ಆಗಲೇ ಗೊತ್ತಾಗುತ್ತಿತ್ತು. 1ರಿಂದ 12ರವರೆಗಿನ ದಿನಗಳು ಮಾತ್ರ ಹೀಗೆ ಅದಲುಬದಲಾಗಿ ಕೂರುತ್ತವೆ. 1-1, 2-2 ತರಹದ ಹನ್ನೆರಡನ್ನು ಬಿಟ್ಟರೂ ವರ್ಷಕ್ಕೆ 132 ದಿನ.

ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದೆ. "ಸೆಟ್ಟಿಂಗ್ ಬದಲಾಯಿಸಿಕೊಳ್ಳಿ ಮೇಡಂ, ತಪ್ಪು ನಮ್ಮದಲ್ಲ" ಅಂದರು. ಸೆಟ್ಟಿಂಗ್ ಬದಲಾಯಿಸಿದ್ದೇವೆ. ಆದರೆ ನಾಳೆ ಕಂಪ್ಯೂಟರ್ ಕೆಟ್ಟು ಫಾರ್ಮ್ಯಾಟ್ ಮಾಡಿದರೆ? ಪಕ್ಕದ ಊರಿನ ಡೇರಿಯಲ್ಲಿ ಯಾರು ನೋಡುತ್ತಾರೆ? ತಿಂಗಳನ್ನು ಅಕ್ಷರದಲ್ಲಿ ತೋರಿಸಿದರೆ ಈ ಕಷ್ಟವೇ ಇಲ್ಲ. 5 ಆಗಸ್ಟ್ ಅಂದರೂ ಆಗಸ್ಟ್ 5 ಅಂದರೂ ಯಾರಿಗೂ ತಪ್ಪಾಗುವುದಿಲ್ಲ. ಅದಕ್ಕೆ ದೊಡ್ಡ ಕೆಲಸವೂ ಬೇಡ ಅಂತ ಮಗ ತೋರಿಸಿದ. ಪ್ರೋಗ್ರಾಂನಲ್ಲಿ ತಿಂಗಳಿಗೆ ಎರಡು ದೊಡ್ಡ ಎಂ ಹಾಕಿದರೆ 08 ಅಂತ ಬರುತ್ತದೆ. ಮೂರು ಹಾಕಿದರೆ ತಿಂಗಳ ಹೆಸರೇ ಚಿಕ್ಕದಾಗಿ ಬರುತ್ತದೆ.

ನಾಲ್ಕು ಸಲ ಕೇಳಿದ ಮೇಲೆ ಒಂದು ಅಪ್‌ಡೇಟ್ ಕೊಟ್ಟರು. ತಿಂಗಳೇನೋ ಅಕ್ಷರದಲ್ಲಿ ಬಂತು. ಬಟವಾಡೆ ದಿನ ತಾರೀಕಿನ ಹೆಡಿಂಗ್ ಮೇಲೆ ಒತ್ತಿದರೆ ಸಾಲುಗಳೆಲ್ಲ ಚೆಲ್ಲಾಪಿಲ್ಲಿ. 01-ಏಪ್ರಿಲ್, 01-ಮಾರ್ಚ್, 01-ಮೇ ಒಟ್ಟಿಗೆ ಬಂದು ಕೂತಿದ್ದವು, ಆಮೇಲೆ ಎಲ್ಲ ತಿಂಗಳ 02. ತಾರೀಕನ್ನು ಬರೀ ಅಕ್ಷರ ಮಾಡಿಬಿಟ್ಟಿದ್ದರು. ಹಾಗೆ ಮಾಡಬಾರದಂತೆ. ಒಳಗೆ ತಾರೀಕು ತಾರೀಕಾಗಿಯೇ ಇರಬೇಕು, ಕಣ್ಣಿಗೆ ಕಾಣುವುದಷ್ಟೇ ಬದಲಾಗಬೇಕು. ಎಕ್ಸೆಲ್‌ನಲ್ಲಿ ಒಂದು ಖಾನೆಗೆ 45000 ಅಂತ ಹಾಕಿ, ಅದನ್ನು ದಿನಾಂಕ ಅಂತ ಬದಲಾಯಿಸಿ ನೋಡಿ. 15 ಮಾರ್ಚ್ 2023 ಬರುತ್ತದೆ. ಒಳಗಿರುವುದು ದಿನಗಳ ಎಣಿಕೆ. ಹಿಂದುಮುಂದು ಜೋಡಿಸುವಾಗ ಆ ಎಣಿಕೆಯನ್ನೇ ನೋಡಿದರೆ ಸಾಲು ಕದಡುವುದಿಲ್ಲ.

ವರ್ಷ, ತಿಂಗಳು, ದಿನ ಅಂತ ಬರೆಯುವ ಅಂತರರಾಷ್ಟ್ರೀಯ ಮಾನಕ ಒಂದಿದೆ, ಐಎಸ್‌ಒ 8601, 1988ರದ್ದು. ಅದರಲ್ಲಿ ಸಾಲು ತಪ್ಪುವುದಿಲ್ಲ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಲೆಕ್ಕ ಕಳಿಸುವುದಕ್ಕೆ ಅದೇ ಇರಲಿ. ಆದರೆ ಹಾಲು ಹಾಕುವ ನಮ್ಮ ಹೆಂಗಸರು ಪರದೆ ನೋಡಿ ಓದಬೇಕಾದ ಕಡೆ ಅದು ಬೇಡ.

ಹೊತ್ತಿನ ಕಾಲಂ ಕೂಡ ಹೀಗೆಯೇ. ಅಗಲ ಸಾಲದೆ ಕೊನೆಯ ಎಎಂ, ಪಿಎಂ ಕತ್ತರಿಸಿ ಹೋಗಿ ಬರೀ 6:10 ಉಳಿಯುತ್ತದೆ. ಡೇರಿಯಲ್ಲಿ ದಿನಕ್ಕೆ ಎರಡು 6:10 ಇವೆ. ಕನ್ನಡ ಸೆಟ್ಟಿಂಗ್ ಹಾಕಿದರೆ ಪೂರ್ವಾಹ್ನ, ಅಪರಾಹ್ನ ಅಂತ ಬರುತ್ತದೆ. ನಮ್ಮೂರಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. 'ಬೆಳಿಗ್ಗೆ', 'ಸಂಜೆ' ಅಂತ ಹಾಕಿ, ಸಾಕು.

ಡೇರಿಗಳಿಗೆ, ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡುವವರು ನಿಮ್ಮ ಪತ್ರಿಕೆ ಓದುತ್ತಿದ್ದರೆ ದಯವಿಟ್ಟು ಇದನ್ನು ಸರಿ ಮಾಡಿ. ಸಾಫ್ಟ್‌ವೇರ್ ಆರಿಸುವ ಅಧಿಕಾರಿಗಳೂ ಹಣ ಕೊಡುವ ಮೊದಲು 5 ಆಗಸ್ಟ್ ಅಂತ ಒಂದು ತಾರೀಕು ಹಾಕಿಸಿ, ಪಟ್ಟಿಯಲ್ಲಿ ಹೇಗೆ ಕಾಣುತ್ತದೆ ಅಂತ ನೋಡಲಿ. ಅಲ್ಲಿಯವರೆಗೆ ಹಳೆಯ ರಿಜಿಸ್ಟರ್ ನನ್ನ ಮೇಜಿನ ಮೇಲೇ ಇರುತ್ತದೆ. ಯಾರು ಗಬ್ಬದ ತಾರೀಕು ಕೇಳಿದರೂ ಎರಡನ್ನೂ ನೋಡಿಯೇ ಹೇಳುತ್ತೇನೆ.

– ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಮದ್ದೂರು ತಾಲ್ಲೂಕು