ಗಾಣ ಹಾಕುತ್ತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಗಾಣದ ಶೇಂಗಾ ಎಣ್ಣೆಯ ಬಾಟಲಿಗೆ ಅಂತ ನೀನು ಕಳಿಸಿದ ಮೂರು ಲೇಬಲ್‌ಗಳನ್ನೂ ನೋಡಿದೆ. ಮೂರರಲ್ಲೂ ಒಬ್ಬ ಅಜ್ಜಿ ಇದ್ದಾಳೆ, ಗಾಣದ ಎತ್ತು ಇದೆ, ಹಿಂದೆ ಮುಳುಗುವ ಸೂರ್ಯ. ಚಿತ್ರ ಬಿಡಿಸಿದವರ ಕೈ ಚೆನ್ನಾಗಿದೆ. ಆದರೆ ನೀನು ಎಲ್ಲೂ ಕಾಣಲಿಲ್ಲ. ನಿಮ್ಮ ಮನೆತನದಲ್ಲಿ ಯಾರೂ ಗಾಣ ಆಡಿಸಿದವರಲ್ಲ. ನಿನ್ನ ಅಜ್ಜಿ ಡಬ್ಬಿ ಹಿಡಿದುಕೊಂಡು ಹೋಗಿ ಎಣ್ಣೆ ತರುತ್ತಿದ್ದದ್ದು ಚಳ್ಳಕೆರೆಯ ಮಿಲ್ಲಿನಿಂದ. ಈಗ ನೀನು ಕೂರಿಸಿರುವ ಮರದ ಗಾಣ ತಿರುಗುವುದು ಕರೆಂಟ್ ಮೋಟಾರಿನಿಂದ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಹಾಗಿದ್ದ ಮೇಲೆ ಆ ಎತ್ತು ಯಾಕೆ?

'ಬ್ರ್ಯಾಂಡ್ ಅಂದಮೇಲೆ ಒಂದು ಕಥೆ ಬೇಕು ಸಾರ್' ಅಂತ ಆ ಡಿಸೈನ್ ಹುಡುಗರು ಹೇಳಿದರಂತೆ. ನಿನ್ನದೇ ಕಥೆ ಇದೆ, ಅದನ್ನು ಅವರಿಗೆ ನೀನು ಹೇಳಿಲ್ಲ ಅಷ್ಟೇ. ಹಾಸ್ಟೆಲ್‌ಗೆ ಹುರಿದ ಶೇಂಗಾ ತಂದಾಗ ನಾವೆಲ್ಲ ಹಿಡಿಗಟ್ಟಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ನೀನು ಒಂದೊಂದೇ ಬಿಡಿಸಿ, ಕೆಂಪು ಸಿಪ್ಪೆ ಉಜ್ಜಿ, ಬೀಜವನ್ನು ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ಒಳಗೆ ನೋಡಿ ತಿನ್ನುತ್ತಿದ್ದೆ. ಸುಕ್ಕಿದ್ದರೆ ಪಕ್ಕಕ್ಕೆ. ಮೊಳಕೆಯ ಹತ್ತಿರ ಕಪ್ಪಾಗಿದ್ದರೆ ಪಕ್ಕಕ್ಕೆ. ನಮ್ಮ ಪೊಟ್ಟಣ ಖಾಲಿಯಾದ ಮೇಲೂ ನಿನ್ನ ಪಾಲು ಅರ್ಧ ಉಳಿದಿರುತ್ತಿತ್ತು. ನೀನು ಆರಿಸದೆ ಏನನ್ನೂ ಒಳಗೆ ಬಿಟ್ಟುಕೊಳ್ಳುವವನಲ್ಲ. ಗಾಣದ ಎಣ್ಣೆಗೆ ಬೇಕಾಗಿರುವುದು ಸರಿಯಾಗಿ ಈ ಗುಣವೇ.

ಯಾಕೆ ಅಂತ ಹೇಳುತ್ತೇನೆ. ರಿಫೈನರಿಯಲ್ಲಿ ಎಣ್ಣೆಗೆ ಕ್ಷಾರ ಹಾಕಿ ಹುಳಿ ತೆಗೆಯುತ್ತಾರೆ, ಬ್ಲೀಚಿಂಗ್ ಮಣ್ಣಿನಿಂದ ಬಣ್ಣ ತೆಗೆಯುತ್ತಾರೆ, ಕೊನೆಗೆ ಬಿಸಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಬೀಜ ಸುಮಾರಾಗಿದ್ದರೂ ಅಲ್ಲಿ ಬಹಳಷ್ಟು ತೊಳೆದುಹೋಗುತ್ತದೆ. ಗಾಣದಲ್ಲಿ ಆ ಯಾವ ಹಂತವೂ ಇಲ್ಲ. ಬೀಜದಲ್ಲಿ ಇದ್ದದ್ದು ಬಾಟಲಿಗೂ ಬರುತ್ತದೆ, ಘಮವೂ, ಕೊಳಕೂ. ಶೇಂಗಾ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಇಲ್ಲವೇ ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ, ಅದಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಲಿವರ್ ಹಾಳು ಮಾಡುವ ವಿಷ ಅದು. ನಮ್ಮ ಚಿತ್ರದುರ್ಗದ ಕಡೆ ಮಳೆ ಹೇಗೆ ಅಂತ ನಿನಗೆ ಹೇಳಬೇಕಾ? ಆ ವಿಷದಲ್ಲಿ ಹೆಚ್ಚಿನ ಪಾಲು ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲೇ ಇರುತ್ತದೆ, ಸ್ವಲ್ಪ ಎಣ್ಣೆಗೂ ಬರುತ್ತದೆ. ಹಿಂಡಿಯನ್ನು ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ನಿನ್ನ ಹಿಂಡಿ ಕೊಳ್ಳುವವರು ನಿಮ್ಮ ಬೀದಿಯವರೇ. ಆ ಹಾಲು ನಿಮ್ಮ ಮನೆಗೂ ಬರುತ್ತದೆ.

ಹಾಗಾಗಿ ಎತ್ತಿನ ಚಿತ್ರಕ್ಕೆ ಕೊಡುವ ದುಡ್ಡನ್ನು ಬೀಜ ಆರಿಸುವ ಹೆಂಗಸರಿಗೆ ಕೊಡು. ಮೊರದಲ್ಲಿ ಕೇರಿ, ಕೈಯಲ್ಲಿ ಆರಿಸಿ, ಬಿಸಿಲಿಗೆ ಇನ್ನೊಮ್ಮೆ ಒಣಗಿಸಿದ ಮೇಲೆಯೇ ಗಾಣಕ್ಕೆ ಹೋಗಲಿ. ಪ್ರತಿ ಲಾಟನ್ನೂ ಲ್ಯಾಬ್‌ಗೆ ಕಳಿಸಲು ಶುರುವಿನಲ್ಲಿ ದುಡ್ಡು ಸಾಲದೆ ಹೋಗಬಹುದು. ಒಬ್ಬೊಬ್ಬ ರೈತನಿಂದ ತಂದ ಮಾಲಿಗೆ ಒಂದೊಂದು ಸಲವಾದರೂ ಮಾಡಿಸು. ಆರಿಸಿ ಹೊರಗೆ ಹಾಕಿದ ಬೀಜವನ್ನು ಇನ್ನೊಬ್ಬ ಗಾಣದವನಿಗೆ ಕಮ್ಮಿ ರೇಟಿಗೆ ಮಾರಬೇಡ. ನೀನು ಮಾರುವವನಲ್ಲ ಅಂತ ಗೊತ್ತು. ಆದರೂ ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ ಮನಸ್ಸು ಅತ್ತ ಎಳೆಯುತ್ತದೆ, ಅದಕ್ಕೇ ಬರೆದೆ.

ಇನ್ನು ರೇಟಿನ ವಿಷಯ. ಅಂಗಡಿಯಲ್ಲಿ ಕೂತು ನಾನು ದಿನಾ ನೋಡುವುದು ಇದನ್ನೇ. ಗಾಣಕ್ಕೆ 100 ಕಿಲೋ ಬೀಜ ಹಾಕಿದರೆ ಎಣ್ಣೆ ಬರುವುದು ಹೆಚ್ಚುಕಮ್ಮಿ 40 ಕಿಲೋ. ಅಂದರೆ ಒಂದು ಕಿಲೋ ಎಣ್ಣೆಗೆ ಎರಡೂವರೆ ಕಿಲೋ ಬೀಜ. ಬೀಜಕ್ಕೆ ಕಿಲೋಗೆ 120 ರೂಪಾಯಿ ಅಂತ ಇಟ್ಟುಕೊಂಡರೂ ಬೀಜದ್ದೇ 300 ಆಯಿತು. ಹಿಂಡಿಯಿಂದ ಒಂದಿಷ್ಟು ವಾಪಸ್ ಬರುತ್ತದೆ ನಿಜ. ಆದರೆ ಅದರ ಮೇಲೆ ಕರೆಂಟು, ಕೂಲಿ, ಬಾಟಲಿ, ನನ್ನಂಥವನ ಕಮಿಷನ್ ಎಲ್ಲ ಸೇರಬೇಕಲ್ಲ. ಹೀಗಿರುವಾಗ ಯಾರೋ 'ಗಾಣದ ಶೇಂಗಾ ಎಣ್ಣೆ, ಕಿಲೋ 200 ರೂಪಾಯಿ' ಅಂತ ಬೋರ್ಡ್ ಹಾಕಿದರೆ ನೀನು ಅವನ ಜೊತೆ ಪೈಪೋಟಿಗೆ ಇಳಿಯಬೇಡ. ಆ ಲೆಕ್ಕ ಎಲ್ಲೂ ಕೂಡುವುದಿಲ್ಲ. ನೀನು ನಿನ್ನ ಲೆಕ್ಕವನ್ನೇ ಬಾಟಲಿಯ ಹಿಂದೆ ಅಚ್ಚು ಹಾಕಿಸು: ಬೀಜ ಇಷ್ಟು, ಆರಿಸಿದ ಕೂಲಿ ಇಷ್ಟು, ನನಗೆ ಉಳಿಯುವುದು ಇಷ್ಟು. ಮೆಸ್ ಬಿಲ್ ಕೂಡಿಸಿ, ಜಾಸ್ತಿ ಬಂದ ಚಿಲ್ಲರೆಯನ್ನು ಓಡಿಹೋಗಿ ವಾಪಸ್ ಕೊಟ್ಟು ಬರುತ್ತಿದ್ದವನು ನೀನು. ಈ ಲೇಬಲ್ ಬರೆಯಲು ನಿನಗಿಂತ ಸರಿಯಾದವರು ಯಾರಿದ್ದಾರೆ?

ಲೆಕ್ಕ ತೆರೆದಿಟ್ಟು ವ್ಯಾಪಾರ ಮಾಡಿದವರು ಬೆಂಗಳೂರಿನಲ್ಲೇ ಇದ್ದರು. ಎಂಟಿಆರ್ ಹೋಟೆಲ್ ಶುರುವಾದದ್ದು 1924ರಲ್ಲಿ, ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರಿಂದ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲ್‌ಗಳ ಅಡುಗೆಮನೆ ನೋಡಿ ಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ತೊಳೆಸುವ ವ್ಯವಸ್ಥೆ ಮಾಡಿದರು, ಗಿರಾಕಿಗಳು ಅಡುಗೆಮನೆ ಕಣ್ಣಾರೆ ನೋಡಿಯೇ ಒಳಗೆ ಬರುವ ಹಾಗೆ ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ರೇಟು ಗೊತ್ತುಮಾಡಿದಾಗ ತುಪ್ಪ, ಬೇಳೆ ಕಮ್ಮಿ ಮಾಡಿ ಸರಿತೂಗಿಸಬಹುದಿತ್ತು. ಎಂಟಿಆರ್‌ನವರು ಹಾಗೆ ಮಾಡಲಿಲ್ಲ. ಅದೇ ರುಚಿಯ ತಿಂಡಿಯನ್ನು ಆ ರೇಟಿಗೇ ಕೊಟ್ಟು, ಆ ದಿನದ ನಷ್ಟ ಎಷ್ಟು ಅಂತ ಹೋಟೆಲ್ ಮುಂದೆ ಬೋರ್ಡ್ ಬರೆದು ಹಾಕುತ್ತಿದ್ದರು. ಕೊನೆಗೆ ಹೋಟೆಲ್ ಮುಚ್ಚಬೇಕಾಯಿತು, ಮತ್ತೆ ತೆರೆಯಲು ವರ್ಷಗಳೇ ಹಿಡಿದವು. ಆ ನಡುವೆ ಅವರ ಕೈ ಹಿಡಿದದ್ದು ಪುಡಿ ಮತ್ತು ಮಿಕ್ಸ್‌ಗಳ ವ್ಯಾಪಾರ. ಆ ಬೋರ್ಡ್ ಬರೆದ ಕೈಯನ್ನು ನಂಬಿಯೇ ಜನ ಪೊಟ್ಟಣ ಕೊಂಡರು ಅಂತ ನನ್ನ ನಂಬಿಕೆ.

ರೀಲ್ಸ್ ಮಾಡಲೇಬೇಕಾ ಅಂತ ನೀನು ಕೇಳಿದ್ದೆ. ಬೇಡ. ಕ್ಯಾಮೆರಾ ಮುಂದೆ ನಿಲ್ಲುವುದು ನಿನಗೆ ಹಿಂಸೆ, ನೋಡುವವರಿಗೂ ಅದು ಗೊತ್ತಾಗುತ್ತದೆ. ಪ್ರತಿ ಬಾಟಲಿಗೆ ಎಣ್ಣೆ ತೆಗೆದ ತಾರೀಖು, ಶೇಂಗಾ ಬಂದ ಊರು ಬರೆ. ತಳದಲ್ಲಿ ಗಸಿ ಕಂಡರೆ ಅದೇನು ಅಂತ ಎರಡು ಸಾಲು ಬರೆ, ನನ್ನ ಗಿರಾಕಿಗಳು ಮೊದಲು ಕೇಳುವುದೇ ಅದನ್ನು. ಎಣ್ಣೆಯನ್ನು ಮೂರು ನಾಲ್ಕು ದಿನ ತಿಳಿಯಾಗಲು ಬಿಟ್ಟೇ ತುಂಬು. ಆರ್ಡರ್ ಬಂತು ಅಂತ ಎರಡನೇ ದಿನವೇ ತುಂಬಬೇಡ.

ಹಾಗಂತ ನಿನ್ನ ಸ್ವಭಾವವೆಲ್ಲ ವ್ಯಾಪಾರಕ್ಕೆ ಬೇಕು ಅಂತಲ್ಲ. ಕೊಟ್ಟ ದುಡ್ಡನ್ನು ಬಾಯಿಬಿಟ್ಟು ಕೇಳಲು ನಿನಗೆ ಬರುವುದಿಲ್ಲ. ಉದ್ರಿ ಸಣ್ಣ ಗಾಣವನ್ನು ಆರು ತಿಂಗಳಲ್ಲಿ ಮುಗಿಸಿಬಿಡುತ್ತದೆ, ಎಣ್ಣೆ ಎಷ್ಟೇ ಚೆನ್ನಾಗಿರಲಿ. ವಸೂಲಿಯನ್ನು ಅಕ್ಕನಿಗೆ ವಹಿಸು. ಅವರು ಸಂಘದ ಲೆಕ್ಕವನ್ನು ಒಂದು ರೂಪಾಯಿ ಆಚೀಚೆ ಆಗದ ಹಾಗೆ ನೋಡಿಕೊಂಡವರು. ಸಂಬಳ ಅಂತಲೇ ಕೊಡು, ಸುಮ್ನೆ ಸಹಾಯ ಅಂತ ಕರೆಯಬೇಡ. ನಿನ್ನ ಬಳಿ ಉದ್ರಿ ಕೇಳುವವರಿಗೆ 'ಅಕ್ಕನ್ನ ಕೇಳಿ' ಅನ್ನುವುದು ನಿನಗೆ ಸುಲಭ, ಅಲ್ವಾ?

ಬೆಂಗಳೂರಿನ ಆ ಹೂಡಿಕೆಯವರ ಮಾತಿಗೆ ಈಗಲೇ ಒಪ್ಪಬೇಡ. ಒಂದೇ ವರ್ಷದಲ್ಲಿ ಹತ್ತು ಗಾಣ ಹಾಕೋಣ ಅನ್ನುತ್ತಾರಲ್ಲ, ಅಷ್ಟು ಬೀಜವನ್ನು ನೋಡಿ ಆರಿಸುವವರು ಯಾರು? ಮೊದಲು ಒಂದು ಗಾಣ, ಒಂದು ಸುಗ್ಗಿ ಕಳೆಯಲಿ.

ನನ್ನ ಅಂಗಡಿಗೆ ಮೊದಲ ಲಾಟಿನಲ್ಲಿ ಒಂದು ಲೀಟರಿನ 24 ಬಾಟಲಿ ಬರೆದುಕೋ. ಅಜ್ಜಿ, ಎತ್ತು ಇಲ್ಲದ ಲೇಬಲ್ ಇರಲಿ, ಬೆನ್ನ ಮೇಲೆ ಲೆಕ್ಕ ಇರಲಿ. ದುಡ್ಡು ಮಾಲು ಇಳಿಸಿದ ದಿನವೇ ಅಕ್ಕನ ಖಾತೆಗೆ ಹಾಕುತ್ತೇನೆ, ನಂಬರ್ ಕಳಿಸಲು ಹೇಳು. ಹಿಂಡಿಯೂ ಎರಡು ಚೀಲ ಬೇಕು. ನಮ್ಮ ಮಾವನ ಮನೆಯಲ್ಲಿ ಹಸು ಕರು ಹಾಕಿದೆ.

ನಿನ್ನ ಪ್ರೀತಿಯ
ಗೆಳೆಯ