ಹದಡಿ ರಸ್ತೆ ಸೈಕಲ್ ದಾರಿ: ಭಾನುವಾರ ಬನ್ನಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹದಡಿ ರಸ್ತೆಗೆ ಸೈಕಲ್ ದಾರಿ ಕೇಳಿ ಪಾಲಿಕೆಗೆ ಮನವಿ ಕೊಡೋಣ ಅಂತ ಮಾತಾಡಿದ್ದೆವಲ್ಲ, ಅದರ ವಿಷಯ.

ಸುಮ್ನೆ ಬಿಳಿ ಗೆರೆ ಎಳೆದು ಕೊಟ್ಟರೆ ನಾವು ಒಪ್ಪಬಾರದು. ಸಂಜೆಯೊಳಗೆ ಆ ಗೆರೆ ಮೇಲೆ ಕಾರು ನಿಂತಿರುತ್ತದೆ. ಟ್ಯೂಷನ್‌ಗೆ ಹೊರಟ ಹುಡುಗಿ ಕಾರು ದಾಟಲು ಹ್ಯಾಂಡಲ್ ಬಲಕ್ಕೆ ತಿರುಗಿಸುತ್ತಾಳೆ, ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತದೆ. ಅಪಾಯ ಇರುವುದೇ ಅಲ್ಲಿ. ಹಾಗಾಗಿ ಸೈಕಲ್ ದಾರಿಗೂ ಗಾಡಿಗಳು ಓಡಾಡುವ ರಸ್ತೆಗೂ ನಡುವೆ ಗಟ್ಟಿ ಕಟ್ಟೆ ಬೇಕೇ ಬೇಕು. ಮಳೆನೀರು ಚರಂಡಿಗೆ ಹೋಗಲು ಕಟ್ಟೆಯಲ್ಲಿ ಅಲ್ಲಲ್ಲಿ ಸಂದು ಬಿಡಿಸಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ದಾರಿಯಲ್ಲಿ ನೀರು ನಿಲ್ಲುತ್ತದೆ.

ಪಾರ್ಕಿಂಗ್ ಹೋಗುತ್ತದೆ ಅಂತ ಅಂಗಡಿಯವರಿಗೆ ಚಿಂತೆ. ನ್ಯಾಯವಾದ ಚಿಂತೆಯೇ. 2007ರಲ್ಲಿ ನ್ಯೂಯಾರ್ಕ್‌ನ ಒಂಬತ್ತನೇ ಅವೆನ್ಯೂದಲ್ಲಿ ಫುಟ್‌ಪಾತ್ ಪಕ್ಕ ಸೈಕಲ್ ದಾರಿ ಮಾಡಿ, ಪಾರ್ಕಿಂಗನ್ನು ಅದರಾಚೆ ಇಟ್ಟರು. ನಿಂತ ಕಾರುಗಳೇ ಸೈಕಲ್‌ನವರಿಗೆ ಅಡ್ಡಗೋಡೆ ಆದವು. ಕಾರಿನ ಬಾಗಿಲು ತೆರೆಯುವಷ್ಟು ಜಾಗ ಮಾತ್ರ ಬಿಡಬೇಕು. ಇದನ್ನು ಅಂಗಡಿಯವರ ಹತ್ತಿರ ಕೂತು ಮಾತಾಡೋಣ, ಜಗಳ ಬೇಡ.

ಸರ್ಕಾರಿ ಶಾಲೆಯ 8ನೇ ತರಗತಿ ಮಕ್ಕಳಿಗೆ 2006-07ರಿಂದ ಎಷ್ಟೋ ವರ್ಷ ಸೈಕಲ್ ಕೊಟ್ಟರು. 2016ರ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ನಮ್ಮ ದಾವಣಗೆರೆ ಇತ್ತು. ಮಕ್ಕಳು ಹೆದರದೆ ಸೈಕಲ್ ತುಳಿಯುವ ದಾರಿ ಕೇಳುವುದು ದೊಡ್ಡ ಆಸೆ ಏನಲ್ಲ, ಅಲ್ವಾ?

ಭಾನುವಾರ ಬೆಳಿಗ್ಗೆ 7ಕ್ಕೆ ವಿದ್ಯಾನಗರ ಬಸ್ ಸ್ಟಾಪ್ ಹತ್ತಿರ ಸೇರೋಣ. ರಸ್ತೆ ಅಗಲ ಅಳೆದು ಮನವಿಯಲ್ಲಿ ಬರೆಯಬೇಕು. ಉದ್ದದ ಟೇಪ್ ಇದ್ದವರು ತನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಎಲ್ಲೆಲ್ಲಿ ಭಯ ಆಗುತ್ತದೆ ಅಂತ ಅವರೇ ತೋರಿಸಲಿ.